ನಿಮ್ಮ ಹೆಸರಿಗೆ ನೀವೇ ಬಾಡಿಗೆ

ಕಲಬುರಗಿಯ ಗಂಜ್‌ನಲ್ಲಿ ದಾಲ್ ಮಿಲ್ ಇರುವ ಸಾವ್ಕಾರರೊಬ್ಬರು ಹೋದ ವರ್ಷ ತೊಗರಿ ಸುಗ್ಗಿ ಮುಗಿಯುವ ಹೊತ್ತಿಗೆ ನನ್ನನ್ನು ಕರೆಸಿದ್ದರು. ಬೇಳೆಯನ್ನು ಐದೈದು ಕೆಜಿ ಪಾಕೀಟು ಮಾಡಿ, ತಮ್ಮ ಮಿಲ್ ಹೆಸರಲ್ಲೇ ಪುಣೆ, ಬೆಂಗಳೂರಿಗೆ ಕಳಿಸುತ್ತಾರೆ. ಇಂಥವರ ಆನ್‌ಲೈನ್ ಜಾಹೀರಾತು ನೋಡಿಕೊಳ್ಳುವುದೇ ನನ್ನ ಕೆಲಸ.

ಗಲ್ಲಾ ಮುಂದೆ ಕೂತಿದ್ದವರು ಗೂಗಲ್ ತೆರೆದಿದ್ದ ಮೊಬೈಲ್ ನನ್ನ ಕಡೆ ತಿರುಗಿಸಿದರು. "ನೋಡ್ರಿ ಸರ, ನಮ್ಮ ಮಿಲ್ ಹೆಸರು ಹೊಡದ್ರ ಮೊದಲ ಯಾರು ಬರ್ತಾರ." ನೋಡಿದೆ. ಮೇಲೆ ಹೊರಗಿನ ಒಂದು ದೊಡ್ಡ ಆನ್‌ಲೈನ್ ಅಂಗಡಿ, ಅದರ ಕೆಳಗೆ ಇನ್ನೊಂದು ಬೇಳೆ ಬ್ರ್ಯಾಂಡು, ಎರಡೂ ಜಾಹೀರಾತು. ಸಾವ್ಕಾರರ ಸ್ವಂತ ವೆಬ್‌ಸೈಟ್ ಕಾಣಬೇಕಾದರೆ ಪರದೆ ಮೇಲಕ್ಕೆ ಸರಿಸಬೇಕು. ನಾವೂ ಜಾಹೀರಾತು ಹಾಕಿದರೆ ಮೇಲೆ ಬರಬಹುದು ಅಂದೆ.

"ನಂದೇ ಹೆಸರಿಗಿ ನಾನೇ ರೊಕ್ಕ ಕೊಡಬೇಕೇನ್ರಿ?"

ಹೌದು, ಕೊಡಬೇಕು. ಇದು ನಡೆಯುವ ರೀತಿ ಹೀಗಿದೆ. ಯಾರಾದರೂ ಒಂದು ಪದ ಹುಡುಕಿದ ಪ್ರತಿ ಸಲವೂ ಆ ಕ್ಷಣದಲ್ಲೇ ಒಂದು ಲಿಲಾವು ನಡೆಯುತ್ತದೆ. ನೀವು ಕೂಗಿದ ರೇಟಿನ ಜೊತೆ ನಿಮ್ಮ ಜಾಹೀರಾತು ಆ ಹುಡುಕಾಟಕ್ಕೆ ಎಷ್ಟು ಹೊಂದುತ್ತದೆ, ಜನ ಒತ್ತುವ ಸಾಧ್ಯತೆ ಎಷ್ಟು, ಇವೆಲ್ಲ ಸೇರಿ ಜಾಗ ನಿಗದಿ ಆಗುತ್ತದೆ. ಯಾರಾದರೂ ಒತ್ತಿದರೆ ಮಾತ್ರ ದುಡ್ಡು ಕಡಿತ. ನಿಮ್ಮ ಹೆಸರಿಗೆ ನೀವೇ ಸರಿಯಾಗಿ ಹೊಂದುವವರು, ಹಾಗಾಗಿ ಸಾಮಾನ್ಯವಾಗಿ ನಿಮಗೆ ಅದು ಅಗ್ಗವಾಗೇ ಸಿಗುತ್ತದೆ. ಅಗ್ಗ ಅಂದರೆ ಪುಕ್ಕಟೆ ಅಲ್ಲ, ಅಲ್ವಾ? ನಿಮ್ಮನ್ನೇ ಹುಡುಕಿಕೊಂಡು ಬಂದ ಗಿರಾಕಿ ಬಾಗಿಲಲ್ಲೇ ನಿಂತಿದ್ದಾನೆ, ಅವನನ್ನು ಒಳಗೆ ಕರೆದುಕೊಳ್ಳಲು ಮಾತ್ರ ಇನ್ನೊಬ್ಬರಿಗೆ ಚಿಲ್ಲರೆ ಕೊಡಬೇಕು.

"ಬ್ಯಾರೆ ಕಡಿ ಹೋಗಾಕ ಬರಲ್ಲೇನು?" ಅಂತ ಕೇಳಿದರು. ಗಂಜ್‌ನ ಮನುಷ್ಯನಿಗೆ ಇದು ಸಹಜ ಪ್ರಶ್ನೆ. ಒಬ್ಬ ಅಡತಿ ತೂಕದಲ್ಲಿ ಆಟ ಆಡಿದರೆ ರೈತ ಚೀಲ ಎತ್ತಿಕೊಂಡು ಪಕ್ಕದವನ ಹತ್ತಿರ ಹೋಗುತ್ತಾನೆ. ಇಲ್ಲಿ ಗೂಗಲ್ ಬಿಟ್ಟು ಬೇರೆ ಕಡೆ ಹೋಗೋಣ ಅಂದರೂ ಗಿರಾಕಿ ಅಲ್ಲಿಲ್ಲ. ಫೋನ್ ಕೊಂಡಾಗಲೇ ಹುಡುಕುವ ಪೆಟ್ಟಿಗೆ ಪರದೆ ಮೇಲೆ ಕೂತಿರುತ್ತದೆ, ಅದನ್ನು ಬದಲಾಯಿಸುವ ಉಸಾಬರಿಗೆ ಹೋಗುವವರು ಕಡಿಮೆ. ಆ ಜಾಗದ ಬೆಲೆ ಗೂಗಲ್‌ಗೆ ಚೆನ್ನಾಗಿ ಗೊತ್ತು. ತಾನೇ ಡಿಫಾಲ್ಟ್ ಆಗಿರಲಿ ಅಂತ ಆಪಲ್, ಸ್ಯಾಮ್‌ಸಂಗ್, ಮೊಜಿಲ್ಲಾದಂಥವರಿಗೆ ಅದು 2021 ಒಂದೇ ವರ್ಷ ಕೊಟ್ಟಿದ್ದು 2,630 ಕೋಟಿ ಡಾಲರ್. ಅಮೆರಿಕದ ಕೋರ್ಟಿನಲ್ಲಿ ಈ ಲೆಕ್ಕ ಹೊರಬಂತು. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಉಳಿಸಿಕೊಂಡಿದೆ ಅಂತ ತೀರ್ಪು ಕೊಟ್ಟರು. ಅದರಲ್ಲಿ ನನ್ನಂಥವನಿಗೆ ಮುಖ್ಯವಾದ ಮಾತು ಬೇರೆ ಇದೆ: ಸರ್ಚ್ ಜಾಹೀರಾತಿನ ಬೆಲೆಯನ್ನು ಪೈಪೋಟಿಯ ಭಯವಿಲ್ಲದೆ ಏರಿಸುವ ಶಕ್ತಿ ಅದಕ್ಕಿದೆ.

ನಮ್ಮಲ್ಲೂ ತಕರಾರು ಹೊಸದಲ್ಲ. ಮ್ಯಾಟ್ರಿಮೊನಿ ಡಾಟ್ ಕಾಮ್ ಮತ್ತೆ ಒಂದು ಗ್ರಾಹಕ ಸಂಸ್ಥೆ ಕೊಟ್ಟ ದೂರಿನ ಮೇಲೆ ಸ್ಪರ್ಧಾ ಆಯೋಗ 2018ರಲ್ಲಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತು. ಹುಡುಕಾಟದ ಫಲಿತಾಂಶದಲ್ಲಿ ತನ್ನದೇ ವಿಮಾನ ಟಿಕೆಟ್ ಸೇವೆಯನ್ನು ಮುಂದೆ ತಳ್ಳಿತು ಅನ್ನುವುದು ಅದರ ಒಂದು ಕಾರಣ. ಆದರೆ ಜಾಹೀರಾತು ಪದ್ಧತಿಯಲ್ಲಿ ಆಯೋಗಕ್ಕೆ ತಪ್ಪು ಕಾಣಲಿಲ್ಲ. ಸಾವ್ಕಾರರ ಸಂಕಟ ಇರುವುದು ಅಲ್ಲೇ.

ಇನ್ನೊಬ್ಬರ ಟ್ರೇಡ್‌ಮಾರ್ಕ್ ಮೇಲೆ ರೇಟು ಕೂಗಬಹುದಾ? 2023ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್, ಹಾಗೆ ಬಳಸುವುದೂ ಟ್ರೇಡ್‌ಮಾರ್ಕ್‌ನ ಬಳಕೆಯೇ ಅಂದಿತು. ಆದರೆ ಅಷ್ಟಕ್ಕೇ ಉಲ್ಲಂಘನೆ ಆಗಲ್ಲ, ಗಿರಾಕಿಗೆ ಗೊಂದಲ ಆಗುವಂತಿರಬೇಕು. ಅಂದರೆ ಹೆಸರು ನೋಂದಾಯಿಸಿದ್ದರೆ, ಎದುರಾಳಿ ತನ್ನ ಜಾಹೀರಾತಿನ ಬರಹದಲ್ಲೇ ನಿಮ್ಮ ಹೆಸರು ಹಾಕಿಕೊಂಡಾಗ ದೂರು ಕೊಡಬಹುದು. ಸುಮ್ನೆ ಆ ಪದದ ಮೇಲೆ ಕೂಗಿದ್ದರೆ ಗೂಗಲ್ ತಡೆಯುವುದಿಲ್ಲ. ಸಾವ್ಕಾರರು ಹೆಸರು ನೋಂದಾಯಿಸಿಯೇ ಇರಲಿಲ್ಲ. ಮೊದಲು ಅದಕ್ಕೆ ಅರ್ಜಿ ಹಾಕಿಸಿದೆ.

ಆಮೇಲೆ ಹಳೆ ಖಾತೆ ತೆಗೆದು ನೋಡಿದೆ. ಅವರ ಅಳಿಯ ಮೊದಲೇ ಎರಡು ತಿಂಗಳು ಜಾಹೀರಾತು ಓಡಿಸಿ, ಲಾಭ ಇಲ್ಲ ಅಂತ ನಿಲ್ಲಿಸಿದ್ದ. ಜನ ಏನು ಹುಡುಕಿ ಬಂದಿದ್ದರು ಅನ್ನುವ ಪಟ್ಟಿ ತೆರೆದರೆ ನಗು ಬಂತು. "ಇಂದಿನ ತೊಗರಿ ರೇಟ್", "ಗುಲ್ಬರ್ಗಾ ತೊಗರಿ ಧಾರಣೆ". ಪಾಪ, ಚಿತ್ತಾಪುರದಲ್ಲೋ ಆಳಂದದಲ್ಲೋ ಚೀಲ ತುಂಬಿಟ್ಟುಕೊಂಡ ರೈತರು! ಅವರು ಬೇಳೆ ಕೊಳ್ಳುವವರಲ್ಲ, ತೊಗರಿ ಮಾರುವವರು. ಅವರು ಒತ್ತಿದ್ದಕ್ಕೆಲ್ಲ ಸಾವ್ಕಾರರ ಜೇಬಿಂದ ದುಡ್ಡು ಹೋಗಿದೆ. ಬ್ರಾಡ್ ಮ್ಯಾಚ್ ಇಟ್ಟರೆ ಹೀಗೆ ಹತ್ತಿರದ ಪದಗಳೆಲ್ಲ ಒಳಗೆ ನುಗ್ಗುತ್ತವೆ. "ರೇಟ್", "ಧಾರಣೆ", "ಮಂಡಿ" ಇವನ್ನು ನೆಗೆಟಿವ್ ಪಟ್ಟಿಗೆ, ಅಂದರೆ ಈ ಪದ ಹುಡುಕಿದವರಿಗೆ ಜಾಹೀರಾತು ತೋರಿಸಬೇಡ ಅನ್ನುವ ಪಟ್ಟಿಗೆ ಸೇರಿಸಿದೆ. ಊರಿನ ಹೆಸರಲ್ಲಿ ಮಾತ್ರ ಎರಡನ್ನೂ ಇಟ್ಟೆ. 2014ರಲ್ಲೇ ಕಲಬುರಗಿ ಆಗಿದ್ದರೂ ಪುಣೆಯವರು ಗುಲ್ಬರ್ಗಾ ಅಂತಲೇ ಹುಡುಕುತ್ತಾರೆ, ನಮ್ಮ ಬೇಳೆಗೆ ಜಿಐ (ಇಂಥ ಊರಿನದ್ದು ಅನ್ನುವ ಸರ್ಕಾರಿ ಗುರುತು) ಸಿಕ್ಕಿದ್ದೂ ಗುಲ್ಬರ್ಗಾ ಹೆಸರಲ್ಲೇ.

ಸ್ವಂತ ಹೆಸರಿಗೆ ಜಾಹೀರಾತು ಬೇಕೇ ಬೇಕಾ? ಆನ್‌ಲೈನ್ ಮಾರಾಟದ ಇಬೇ ಕಂಪನಿ ಅಮೆರಿಕದಲ್ಲಿ ಒಮ್ಮೆ ತನ್ನ ಹೆಸರಿನ ಜಾಹೀರಾತು ನಿಲ್ಲಿಸಿ ನೋಡಿದಾಗ, ಹೆಚ್ಚುಕಡಿಮೆ ಎಲ್ಲ ಗಿರಾಕಿಗಳೂ ಕೆಳಗಿನ ಪುಕ್ಕಟೆ ಕೊಂಡಿ ಒತ್ತಿಯೇ ಬಂದರು. ಆದರೆ ಅದು ಎಲ್ಲರಿಗೂ ಗೊತ್ತಿರುವ ಹೆಸರು. ಗಂಜ್‌ನ ಮಿಲ್ಲಿಗೆ ಆ ಧೈರ್ಯ ಹೇಳಲು ನನಗೆ ಮನಸ್ಸಾಗಲಿಲ್ಲ. ಎರಡು ವಾರ ಹಾಕಿ, ಎರಡು ವಾರ ನಿಲ್ಲಿಸಿ, ಆರ್ಡರ್ ಎಣಿಸಿದೆವು. ನಿಲ್ಲಿಸಿದಾಗ ಆರ್ಡರ್ ಇಳಿದವು. ಹಾಗಾಗಿ ಸಣ್ಣ ಮೊತ್ತ ಇಟ್ಟು ಮುಂದುವರಿಸಿದ್ದೇವೆ. ಜೊತೆಗೆ ಪ್ರತಿ ಪಾಕೀಟಿನ ಮೇಲೆ ವಾಟ್ಸಾಪ್ ನಂಬರ್ ದಪ್ಪಗೆ ಅಚ್ಚು ಹಾಕಿಸಿದೆವು. ಒಮ್ಮೆ ತಿಂದವರು ಮುಂದಿನ ಸಲ ಹುಡುಕಲಿಕ್ಕೇ ಹೋಗಬಾರದು ಅನ್ನುವುದು ನನ್ನ ಲೆಕ್ಕ.

ಒಂದು ಚಟ ಬಿಡಿಸಲು ಆಗಿಲ್ಲ. ಸಾವ್ಕಾರರು ದಿನಾ ಬೆಳಗ್ಗೆ ಊದುಬತ್ತಿ ಹಚ್ಚಿದ ಮೇಲೆ ತಮ್ಮ ಹೆಸರು ಹುಡುಕಿ ನೋಡುತ್ತಾರೆ. ನೋಡಿ ಒತ್ತದೆ ಬಿಟ್ಟರೆ ಜನಕ್ಕೆ ಈ ಜಾಹೀರಾತು ಬೇಡ ಅಂತ ಲೆಕ್ಕ ಆಗುತ್ತದೆ, ಖಾತೆಯೊಳಗೇ ಪ್ರಿವ್ಯೂ ಇದೆ, ಅದರಲ್ಲಿ ನೋಡಿ ಅಂತ ಹೇಳಿದ್ದೇನೆ. ನಿನ್ನೆ ಮತ್ತೆ ಫೋನ್ ಬಂತು: "ಸರ, ಇವತ್ತು ನಾವೇ ಮ್ಯಾಲಿದ್ದೀವಿ, ಅದಕ್ಕ ಒತ್ತಿ ನೋಡಿದೆ."