ಅಡ್ಡಿಯ ಸುತ್ತ ಅಲೆ: ಸ್ಥಳೀಯ ಶಕ್ತಿ ಎಷ್ಟು ಬೇಗ ಖಾಲಿಯಾಗುತ್ತದೆ?

ಮೂರು ಆಯಾಮದ ಸ್ಥಳದಲ್ಲಿ ಒಂದು ಗಟ್ಟಿ ಅಡ್ಡಿ ಇದೆ. ಅದರ ಹೊರಗೆ ಉ ಎಂಬ ಅಲೆ ತರಂಗ ಸಮೀಕರಣವನ್ನು (ಅಲೆ ಕಾಲ ಮತ್ತು ಸ್ಥಳದಲ್ಲಿ ಹೇಗೆ ಬದಲಾಗುತ್ತದೆ ಎಂದು ಹೇಳುವ ನಿಯಮವನ್ನು) ಪಾಲಿಸುತ್ತದೆ; ವೇಗ 1, ಅಡ್ಡಿಯ ಮೇಲ್ಮೈಯಲ್ಲಿ ಉ = 0. ಆರಂಭದಲ್ಲಿ ಅಲೆಯೆಲ್ಲ ಮೂಲಬಿಂದುವಿನಿಂದ ಮ ದೂರದೊಳಗೇ ಇದೆ ಎನ್ನಿ.

ಹೆಚ್ಚಿನವರು ಎಡವುವುದು ಇಲ್ಲಿಯೇ: ಒಟ್ಟು ಶಕ್ತಿ ಶ ಎಂದೂ ಕಡಿಮೆಯಾಗುವುದಿಲ್ಲ. ಅಲೆ "ನಶಿಸುತ್ತದೆ" ಎಂದರೆ ಮೂಲಬಿಂದುವಿನ ಸುತ್ತಲಿನ ಗ ತ್ರಿಜ್ಯದ ಗೋಲದೊಳಗಿನ ಶಕ್ತಿ ಹೊರಕ್ಕೆ ಹರಿದುಹೋಗುತ್ತದೆ ಎಂದಷ್ಟೇ ಅರ್ಥ.

ಎಷ್ಟು ಬೇಗ? ಗಣಿತಜ್ಞೆ ಕ್ಯಾಥ್ಲೀನ್ ಮೊರಾವೆಟ್ಜ್ 1961ರಲ್ಲಿ ತೆರೆದ ದಾರಿ ಇದು. ಕಾಲ ಕ, ಮೂಲದಿಂದ ದೂರ ದ ಇರಲಿ. ಸಮೀಕರಣವನ್ನು

ಕ × (ಉ-ನ ಕಾಲದರ) + ದ × (ಉ-ನ ತ್ರಿಜ್ಯದಿಕ್ಕಿನ ದರ) + ಉ

ಇದರಿಂದ ಗುಣಿಸಿ ಇಡೀ ಹೊರಭಾಗದಲ್ಲಿ ಅನುಕಲಿಸಿ. ಕೊನೆಯ "+ ಉ" ಅಲಂಕಾರಕ್ಕಲ್ಲ. ಅದನ್ನು ಬಿಟ್ಟರೆ ಒಳಭಾಗದ ಪದಗಳು ಒಂದನ್ನೊಂದು ಹೊಡೆದುಹಾಕುವುದಿಲ್ಲ. ಉಳಿಯುವುದು ಮೇಲ್ಮೈಯ ಪದ ಒಂದೇ. ಅದರಲ್ಲಿ ಮೇಲ್ಮೈಗೆ ಲಂಬದಿಕ್ಕಿನ ಉ-ನ ದರದ ವರ್ಗವಿದೆ, ಜೊತೆಗೆ ಸ್ಥಾನಸದಿಶ ಮತ್ತು ಲಂಬದ ಬಿಂದುಗುಣಲಬ್ಧವಿದೆ. ಅಡ್ಡಿ ನಕ್ಷತ್ರಾಕಾರದ್ದಾಗಿದ್ದರೆ, ಅಂದರೆ ಒಳಗಿನ ಮೂಲಬಿಂದುವಿನಲ್ಲಿ ನಿಂತರೆ ಮೇಲ್ಮೈಯ ಪ್ರತಿ ಬಿಂದುವೂ ನೇರ ಕಾಣುವಂತಿದ್ದರೆ, ಈ ಪದದ ಚಿಹ್ನೆ ನಮಗೆ ಅನುಕೂಲವಾಗಿಯೇ ಇರುತ್ತದೆ. ಆಗ

ಕ × ಶ + ∫ (ಕಾಲದರ) × (ದ × ತ್ರಿಜ್ಯದರ + ಉ)

ಎಂಬ ಮೊತ್ತ ಕಾಲ ಕಳೆದಂತೆ ಹೆಚ್ಚುವುದಿಲ್ಲ. ಆರಂಭದಲ್ಲಿ ಅದು ಮ × ಶ ಮೀರದು. ಕ ಕಾಲದಲ್ಲಿ ಅಲೆ ಕ + ಮ ದೂರ ದಾಟಿರದು, ಹಾಗಾಗಿ ಗೋಲದ ಹೊರಗಿನ ಭಾಗ ಮೊತ್ತವನ್ನು ಹೆಚ್ಚೆಂದರೆ ಮ × ಶ ಅಷ್ಟು ಕೆಳಗೆಳೆಯಬಲ್ಲದು. ಎರಡನ್ನೂ ಕೂಡಿಸಿದರೆ, ಕ > ಗ ಆದಾಗ:

ಗೋಲದೊಳಗಿನ ಶಕ್ತಿ ≤ 2 × ಮ × ಶ ÷ (ಕ − ಗ)

ಮ = 2, ಗ = 2 ಇಟ್ಟು ನೋಡಿ: ಕ = 42 ಆಗುವ ಹೊತ್ತಿಗೆ ಒಳಗೆ ಉಳಿದದ್ದು ಶ-ದ ಹತ್ತನೇ ಒಂದಕ್ಕಿಂತ ಹೆಚ್ಚಿರದು. ನಿಜದ ವೇಗ ಇನ್ನೂ ಹೆಚ್ಚು. 1963ರಲ್ಲಿ ಲ್ಯಾಕ್ಸ್, ಮೊರಾವೆಟ್ಜ್, ಫಿಲಿಪ್ಸ್ ಇದೇ ಅಂದಾಜನ್ನು ಹೈಗೆನ್ಸ್ ತತ್ತ್ವಕ್ಕೆ (ಅಡ್ಡಿಯಿಲ್ಲದ ಮೂರು ಆಯಾಮದಲ್ಲಿ ಅಲೆ ಹಾದುಹೋದ ಮೇಲೆ ಹಿಂದೆ ಏನೂ ಉಳಿಯುವುದಿಲ್ಲ ಎಂಬುದಕ್ಕೆ) ಜೋಡಿಸಿ ಘಾತೀಯ ಇಳಿಕೆ, ಅಂದರೆ ಸಮಾನ ಅವಧಿಗಳಲ್ಲಿ ಒಂದೇ ಅನುಪಾತದಲ್ಲಿ ಕುಗ್ಗುವ ಇಳಿಕೆ, ತೋರಿಸಿದರು.

ಈ ಲೆಕ್ಕ ಎಲ್ಲಿ ಮುರಿಯುತ್ತದೆ? ಉ = 0 ಬದಲು ಲಂಬದರ = 0 ಎಂದಿಟ್ಟರೆ ಮೇಲ್ಮೈ ಪದದಲ್ಲಿ ವಿರುದ್ಧ ಚಿಹ್ನೆಯ ತುಣುಕುಗಳು ಸೇರಿಕೊಳ್ಳುತ್ತವೆ; ಸಾಧನೆ ಹಾಗೆಯೇ ನಡೆಯುವುದಿಲ್ಲ. ಒಂದರ ಬದಲು ಎರಡು ಗೋಲಗಳಿದ್ದರೆ ತೊಂದರೆ ಇನ್ನೂ ಆಳದ್ದು: ಕೇಂದ್ರಗಳನ್ನು ಸೇರಿಸುವ ರೇಖೆಯಲ್ಲಿ ಕಿರಣ ಹಿಂದೆಮುಂದೆ ಪುಟಿಯುತ್ತಲೇ ಇರುತ್ತದೆ. ಅದರ ಉದ್ದಕ್ಕೂ ಬಹಳ ಸಣ್ಣ ತರಂಗದೂರದ ಅಲೆಪೊಟ್ಟಣ (ಪುಟ್ಟ ಜಾಗದಲ್ಲಿ ಒತ್ತಟ್ಟಿಗಿರುವ ಅಲೆಗಳ ಗುಚ್ಛ) ಬಿಟ್ಟರೆ ನಾವು ಬಯಸಿದಷ್ಟು ಹೊತ್ತು ಶಕ್ತಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಶ ಒಂದನ್ನೇ ಆಧರಿಸಿದ, ಎಲ್ಲ ಅಲೆಗಳಿಗೂ ಅನ್ವಯಿಸುವ ಏಕರೂಪ ಇಳಿಕೆಯ ದರ ಅಸಾಧ್ಯ. ಇದನ್ನು 1969ರಲ್ಲಿ ರಾಲ್‌ಸ್ಟನ್ ಸಾಧಿಸಿದರು. ಆರಂಭದ ದತ್ತಾಂಶ ಹೆಚ್ಚು ನಯವಾಗಿರಲಿ ಎಂದು ಕೇಳಿದರೆ ದರ ಮತ್ತೆ ಸಿಗುತ್ತದೆ. ಅಂಥ ದತ್ತಾಂಶವಿದ್ದರೆ ಯಾವುದೇ ನಯವಾದ, ಪರಿಮಿತ ಅಡ್ಡಿಗೂ ಕನಿಷ್ಠ ಲಾಗರಿದಮ್ ವೇಗದ ಇಳಿಕೆ ಖಚಿತ ಎಂಬುದು ಬರ್ಕ್ ಅವರ 1998ರ ಫಲಿತಾಂಶ.

ಆಯಾಮವನ್ನೂ ಮರೆಯಬೇಡಿ. ಅಡ್ಡಿಯೇ ಇಲ್ಲದ ಮೂರು ಆಯಾಮದಲ್ಲಿ ಕ > ದ + ಮ ಆದೊಡನೆ ಉ ಪೂರ್ತಿ ಸೊನ್ನೆ. ಎರಡು ಆಯಾಮದಲ್ಲಿ ಬಾಲ ಉಳಿಯುತ್ತದೆ: ಆರಂಭದ ಉ ಸೊನ್ನೆಯಿದ್ದು, ಆರಂಭದ ವೇಗದ ಒಟ್ಟು ಅನುಕಲ ವ ಆಗಿದ್ದರೆ, ನಿಂತ ಜಾಗದಲ್ಲಿ ಉ ಸುಮಾರು ವ ÷ (2π × ಕ). ಇದಕ್ಕೆ ಕೆರೆಗೆ ಕಲ್ಲೆಸೆದ ಉದಾಹರಣೆ ಕೊಡುವ ರೂಢಿಯಿದೆ, ಅದು ಹೊಂದುವುದಿಲ್ಲ. ನೀರಿನ ಮೇಲ್ಮೈಯ ಅಲೆಗಳಲ್ಲಿ ಉದ್ದ ಬದಲಾದರೆ ವೇಗವೂ ಬದಲಾಗುತ್ತದೆ, ಅಲ್ಲಿ ಈ ಸಮೀಕರಣವೇ ಬೇರೆ. ಎಳೆದು ಕಟ್ಟಿದ ಅಗಲವಾದ ಪೊರೆಯನ್ನು ನೆನೆಯುವುದು ವಾಸಿ.