ಏಳರ ತಾಳ ಎಲ್ಲಿ ಕುಂಟುತ್ತದೆ?

ಕ್ಲಾಸಿಗೆ ಬರುವ ಹೊಸಬರಿಗೆ ಏಳರ ತಾಳದ ಹಾಡೊಂದನ್ನು ಹಾಕಿ ಲೆಕ್ಕ ಹಿಡೀರಿ ಅಂದರೆ, ಹೆಚ್ಚಿನವರು ಒಂದು, ಎರಡು, ಮೂರು ಅಂತ ಬಾಯಲ್ಲಿ ಎಣಿಸೋಕೆ ಶುರು ಮಾಡುತ್ತಾರೆ. ಎರಡನೇ ಸುತ್ತಿಗೇ ತಪ್ಪುತ್ತದೆ. ‘ಒಂದು’, ‘ಮೂರು’ ಎರಡಕ್ಷರದ ಪದ, ‘ಎರಡು’ ಮೂರಕ್ಷರ. ಹಾಡು ಸ್ವಲ್ಪ ಸ್ಪೀಡಾದರೆ ನಾಲಿಗೆ ಹಿಂದೆ ಬೀಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಹೀಗೆ ಎಣಿಸುವಾಗ ಏಳೂ ಪೆಟ್ಟು ಒಂದೇ ತೂಕದ್ದಾಗಿಬಿಡುತ್ತವೆ. ಹಾಡಿನಲ್ಲಿ ಹಾಗಿರುವುದಿಲ್ಲ.

ಬೆಸ ತಾಳ ಯಾವುದೇ ಇರಲಿ, ಒಡೆದು ನೋಡಿದರೆ ಸಿಗುವುದು ಎರಡರ ಗುಂಪು, ಮೂರರ ಗುಂಪು ಅಷ್ಟೇ. ಎರಡಕ್ಕೆ ತಕ, ಮೂರಕ್ಕೆ ತಕಿಟ. ಐದು ಅಂದರೆ ‘ತಕ ತಕಿಟ’ ಅಥವಾ ‘ತಕಿಟ ತಕ’. ಏಳು ಅಂದರೆ ಕರ್ನಾಟಕ ಸಂಗೀತದ ಮಿಶ್ರ ಚಾಪು ತಾಳದ ಹಾಗೆ ‘ತಕಿಟ ತಕ ತಕ’, ಇಲ್ಲವೇ ಬಲ್ಗೇರಿಯಾದ ರಾಚೆನಿತ್ಸಾ ಕುಣಿತದ ಹಾಗೆ ‘ತಕ ತಕ ತಕಿಟ’. ಲೆಕ್ಕಕ್ಕೆ ಎರಡೂ ಏಳೇ, ಆದರೆ ಕಿವಿಗೆ ಬೇರೆ ಬೇರೆ. ಮೂರರ ಗುಂಪು ಬಂದ ಕಡೆ ನಡಿಗೆ ಸ್ವಲ್ಪ ಎಳೆದ ಹಾಗೆ, ಕುಂಟಿದ ಹಾಗೆ ಆಗುತ್ತದೆ. ಆ ಕುಂಟು ಎಲ್ಲಿದೆ ಅಂತ ಹುಡುಕಿ. ಗುಂಪಿನ ಮೊದಲ ಪೆಟ್ಟಿಗೆ ಮಾತ್ರ ಚಪ್ಪಾಳೆ ತಟ್ಟಿ: ಗಿಡ್ಡ, ಗಿಡ್ಡ, ಉದ್ದ. ಏಳು ಎಣಿಕೆ ಹೋಗಿ ಮೂರು ಚಪ್ಪಾಳೆ ಉಳಿಯಿತು, ಅಲ್ವಾ?

ಐದಕ್ಕೆ ನಾನು ಯಾವಾಗಲೂ ಕೇಳಿಸುವುದು ಡೇವ್ ಬ್ರೂಬೆಕ್ ತಂಡದ 1959ರ ಜಾಝ್ ಕೃತಿ ‘ಟೇಕ್ ಫೈವ್’. ಅದರಲ್ಲಿ ಡ್ರಮ್ ಸೋಲೋ ನಡೆಯುವಾಗಲೂ ಪಿಯಾನೋ ಮೂರು-ಎರಡರ ಗುಂಪನ್ನು ಬಿಡದೆ ನುಡಿಸುತ್ತಲೇ ಇರುತ್ತದೆ. ದಾರಿ ತಪ್ಪಿದರೆ ಪಿಯಾನೋ ಹಿಡಿದು ವಾಪಸ್ ಬರಬಹುದು.

ಒಬ್ಬ ಹುಡುಗ ಏಳರ ಹಾಡು ಕೇಳಿ, “ಸರ್, ಇವರು ಪ್ರತಿ ಸಲ ಒಂದು ಪೆಟ್ಟು ಬೇಗ ಬರ್ತಾರೆ” ಅಂದ. ಎಂಟಕ್ಕೆ ಒಗ್ಗಿದ ಕಿವಿ ಏಳನ್ನು ‘ಒಂದು ಕಮ್ಮಿ ಎಂಟು’ ಅಂತಲೇ ಕೇಳುತ್ತದೆ. ಅವನನ್ನು ಎಬ್ಬಿಸಿ, ಪೆಟ್ಟಿಗೊಂದು ಹೆಜ್ಜೆಯಂತೆ ಕೋಣೆಯಲ್ಲಿ ನಡೆಯೋಕೆ ಹೇಳಿದೆ. ಮೊದಲ ಸುತ್ತಿನ ಸಮ, ಅಂದರೆ ಸುತ್ತು ಶುರುವಾಗುವ ಪೆಟ್ಟು, ಬಲಗಾಲಿಗೆ ಬಿತ್ತು, ಮುಂದಿನದು ಎಡಗಾಲಿಗೆ, ಮತ್ತೆ ಬಲಗಾಲಿಗೆ. ನಾಲ್ಕನೇ ಸುತ್ತಿನಲ್ಲಿ ಅವನೇ ನಿಂತು ಕಾಲು ನೋಡಿಕೊಂಡ. ಸಮ ಕಾಲು ಬದಲಿಸುತ್ತಿದ್ದರೆ ಬೆಸ ತಾಳ, ಒಂದೇ ಕಾಲಿಗೆ ಬೀಳುತ್ತಿದ್ದರೆ ಸರಿ ಸಂಖ್ಯೆಯ ತಾಳ. ಇದಕ್ಕೆ ಸಂಗೀತದ ಓದು ಬೇಕಿಲ್ಲ.

ಕನ್ನಡದ ಕಿವಿಗಂತೂ ಏಳು ಹೊಸದೇನಲ್ಲ. ಭಾಮಿನಿ ಷಟ್ಪದಿ ನಡೆಯುವುದೇ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳಲ್ಲಿ. ವಾರ್ಧಕ ಷಟ್ಪದಿಯದು ಐದೈದರ ನಡೆ. ಷಟ್ಪದಿಯನ್ನು ಗಟ್ಟಿಯಾಗಿ ಓದಿದವರು ತಾಳದ ಹೆಸರು ಗೊತ್ತಿಲ್ಲದೆಯೇ ಅದನ್ನು ಹಿಡಿದಿರುತ್ತಾರೆ. ಓದುತ್ತಾ ಗುಂಪಿಗೊಂದು ತಟ್ಟು ಹಾಕಿ ನೋಡಿ.

ಹಾಡಿನ ನಡುವೆ ತಾಳವೇ ಬದಲಾದರೆ? ಇಲ್ಲಿ ಜಾಸ್ತಿ ಜನ ಗಾಬರಿಯಾಗಿ ಹೊಸ ಲೆಕ್ಕ ಹುಡುಕೋಕೆ ಹೋಗುತ್ತಾರೆ. ಸುಮ್ನೆ ಅತಿ ಚಿಕ್ಕ ಪೆಟ್ಟನ್ನು ಬೆರಳಲ್ಲಿ ತೊಡೆಯ ಮೇಲೆ ಹಿಡಿದಿರಿ, ಏನೇ ಆದರೂ ಬಿಡಬೇಡಿ. ಬೆರಳಿನ ಪೆಟ್ಟು ಹಾಗೇ ಹೊಂದಿಕೊಂಡು ಗುಂಪಷ್ಟೇ ಬದಲಾದರೆ ತಾಳ ಬದಲಾಗಿದೆ. ರಾಕ್ ತಂಡ ಪಿಂಕ್ ಫ್ಲಾಯ್ಡ್‌ನವರ 1973ರ ‘ಮನಿ’ ಹಾಡು ಏಳರಲ್ಲಿ ನಡೆದು, ಗಿಟಾರ್ ಸೋಲೋ ಬಂದಾಗ ನಾಲ್ಕಕ್ಕೆ ತಿರುಗುತ್ತದೆ. ಆ ತಿರುವನ್ನು ಕಣ್ಣು ಮುಚ್ಚಿಕೊಂಡು ಹತ್ತು ಸಲ ಕೇಳಿ. ಇನ್ನು, ಕಾಲಲ್ಲಿ ತಟ್ಟುವ ದೊಡ್ಡ ಪೆಟ್ಟು ಅಲ್ಲೇ ಇದ್ದು, ಅದರ ಒಳಗೆ ನಾಲ್ಕಿದ್ದ ಜಾಗಕ್ಕೆ ಮೂರೋ ಐದೋ ಬಂದರೆ ಅದು ನಡೆ ಬದಲಾಗಿರುವುದು. ಆಗ ಬೆರಳು ಹೊಂದುವುದಿಲ್ಲ, ಆದರೆ ಕಾಲು ತಪ್ಪುವುದಿಲ್ಲ. ಹಾಡಿನ ವೇಗವೇ ಬದಲಾಯಿತು ಅಂತ ಶುರುವಿನಲ್ಲಿ ಎಲ್ಲರಿಗೂ ಅನಿಸುವುದು ಇಲ್ಲೇ. ಅದಕ್ಕೇ ಬೆರಳು ಮತ್ತು ಕಾಲು ಎರಡನ್ನೂ ಕೆಲಸಕ್ಕೆ ಹಚ್ಚಿ, ಯಾವುದು ತಪ್ಪಿತು ಅಂತ ನೋಡಿಕೊಳ್ಳಿ.