ಗ್ರೌಟ್: ಇರುವುದು ಸಂದು ತುಂಬುವುದಕ್ಕೆ

ಕೆಳಗಿನ ಮನೆಯ ಸೀಲಿಂಗ್ ಒದ್ದೆಯಾಗಿದೆ ಅಂದರೆ ಸಾಕು, "ಬಾತ್‌ರೂಮಿಗೆ ಗ್ರೌಟ್ ಹಾಕಿಸಿಬಿಡಿ ಸಾರ್, ನಿಂತುಹೋಗುತ್ತೆ" ಎಂಬ ಸಲಹೆ ತಕ್ಷಣ ಬರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಗ್ರೌಟ್ ಅನ್ನೋದು ವಾಟರ್‌ಪ್ರೂಫಿಂಗ್‌ನ ಇನ್ನೊಂದು ಹೆಸರೇ ಆಗಿಬಿಟ್ಟಿದೆ. ಈ ಗೊಂದಲದಿಂದ ದುಡ್ಡೂ ದಂಡ, ಕೆಳಗಿನವರ ಜೊತೆ ಜಗಳವೂ ತಪ್ಪಲ್ಲ.

ಪದದ ಮೂಲ ನೋಡಿ. ಹಳೆಯ ಇಂಗ್ಲಿಷಿನಲ್ಲಿ 'ಗ್ರೂಟ್' ಅಂದರೆ ತರಿತರಿಯಾದ ಹಿಟ್ಟು. ಆಮೇಲೆ ಒರಟು ಗಂಜಿಗೂ ಅದೇ ಹೆಸರು ಬಂತು, ಕೊನೆಗೆ ಸಂದಿಗೆ ಸುರಿಯುವ ತೆಳು ಗಾರೆಗೂ ಬಂತು. ಮೇಸ್ತ್ರಿ ಅದನ್ನು ಕಲಸುವುದು ನೋಡಿದರೆ ಹೆಸರು ಎಷ್ಟು ಸರಿ ಅನಿಸುತ್ತದೆ: ಹದ ಥೇಟ್ ಅಂಬಲಿಯದ್ದು. ಟೈಲ್ಸ್ ನಡುವಿನ ಎರಡು ಮೂರು ಮಿಲಿಮೀಟರ್ ಸಂದಿಗೆ ಅದನ್ನು ರಬ್ಬರ್ ಪಟ್ಟಿಯಿಂದ ಓರೆಯಾಗಿ ಎಳೆದು ಒತ್ತುತ್ತಾರೆ, ಒದ್ದೆ ಸ್ಪಂಜಿನಲ್ಲಿ ಒರೆಸುತ್ತಾರೆ. ಕೊಳೆ ಕೂರದ ಹಾಗೆ, ಟೈಲ್ಸ್ ಅಂಚು ಒಡೆಯದ ಹಾಗೆ ಕಾಯುವುದು ಅದರ ಕೆಲಸ.

ಗೊಂದಲಕ್ಕೆ ಕಾರಣವೂ ಇದೆ. ಅಣೆಕಟ್ಟಿನ ಬುಡದ ಬಂಡೆಯ ಬಿರುಕಿಗೆ, ಸೋರುವ ಸ್ಲ್ಯಾಬಿಗೆ ತೂತು ಕೊರೆದು ಒತ್ತಡದಲ್ಲಿ ಸಿಮೆಂಟ್ ಹಾಲನ್ನೋ ಕೆಮಿಕಲನ್ನೋ ತುಂಬುತ್ತಾರಲ್ಲ, ಅದನ್ನೂ ಗ್ರೌಟಿಂಗ್ ಅಂತಲೇ ಕರೆಯುತ್ತಾರೆ. ಅದು ಸೋರಿಕೆ ತಡೆಯುವ ಕೆಲಸವೇ. ಆ ಗುಣವನ್ನು ಟೈಲ್ಸ್ ಸಂದಿಗೂ ಅಂಟಿಸಿದರೆ ಹೇಗೆ?

ಸಿಮೆಂಟ್ ಗ್ರೌಟ್ ನೀರು ಹೀರುತ್ತದೆ. ಸಿಮೆಂಟ್ ಬದಲು ರೆಸಿನ್ ಅಂಟಿನಿಂದ ಮಾಡಿದ ಎಪಾಕ್ಸಿ ಗ್ರೌಟ್ ಹೀರುವುದು ತೀರಾ ಕಡಿಮೆ, ಕಲೆಯೂ ಬೇಗ ಹಿಡಿಯಲ್ಲ. ದುಡ್ಡಿದ್ದರೆ ಅದನ್ನೇ ಹಾಕಿಸಿ. ಆದರೆ ಗೋಡೆಯೊಳಗಿನ ಪೈಪ್ ಜಾಯಿಂಟ್ ಸೋರುತ್ತಿದ್ದರೆ, ನಾನಿ ಟ್ರ್ಯಾಪ್ (ನೆಲದ ನೀರು ಹೊರಹೋಗುವ ಜಾಲರಿ ತೂತು) ಸುತ್ತ ಬಿರುಕಿದ್ದರೆ ಅದು ಏನು ಮಾಡೀತು? ವಾಟರ್‌ಪ್ರೂಫಿಂಗ್ ಪದರ ಇರಬೇಕಾದ್ದು ಟೈಲ್ಸ್ ಕೆಳಗೆ. ಗೋಡೆಗೆ ಕನಿಷ್ಠ ಒಂದು ಅಡಿ ಏರಬೇಕು, ಶವರ್ ಕಡೆ ಇನ್ನೂ ಜಾಸ್ತಿ. ಅದು ಒಣಗಿದ ಮೇಲೆ ಟ್ರ್ಯಾಪ್ ಮುಚ್ಚಿ, ಒಂದಿಡೀ ದಿನವಾದರೂ ನೀರು ನಿಲ್ಲಿಸಿ, ಕೆಳಗಿನ ಮನೆಯ ಸೀಲಿಂಗ್ ನೋಡಿ ಬಂದು ಆಮೇಲೆ ಟೈಲ್ಸ್ ಕೂರಿಸಬೇಕು. ವಾಟ, ಅಂದರೆ ನೀರು ಹರಿಯಲು ನೆಲಕ್ಕೆ ಇಳಿಜಾರು, ಕೊಡುವುದೂ ಆ ಹಂತದಲ್ಲೇ. ಟೈಲ್ಸ್ ಕೂತ ಮೇಲೆ ಯಾವ ಗ್ರೌಟೂ ನೀರನ್ನು ಟ್ರ್ಯಾಪಿನ ಕಡೆ ಹರಿಸಲ್ಲ.

ಗ್ರೌಟ್ ಬದಲು ಸುಮ್ನೆ ವೈಟ್ ಸಿಮೆಂಟ್ ಬಳಿಯುವುದನ್ನು ದಯವಿಟ್ಟು ಒಪ್ಪಬೇಡಿ. ಬೇಗ ಕಪ್ಪಾಗುತ್ತದೆ, ಉದುರುತ್ತದೆ. ಗೋಡೆ ಮತ್ತು ನೆಲ ಸೇರುವ ಮೂಲೆಗೆ ಸಿಲಿಕಾನ್ ಸೀಲಂಟ್ ಹಾಕಿಸಿ, ಅಲ್ಲಿ ಗಡಸು ಗ್ರೌಟ್ ಬಿರುಕು ಬಿಡುತ್ತದೆ. ಇನ್ನು ನಮ್ಮ ಬೋರ್‌ವೆಲ್ ನೀರಿನ ಬಿಳಿ ಕಲೆ ತೆಗೆಯಲು ಆಸಿಡ್ ಸುರಿಯುವವರಿಗೆ: ಕಲೆಯ ಜೊತೆ ಸಿಮೆಂಟ್ ಗ್ರೌಟೂ ಕರಗಿ ಹೋಗುತ್ತದೆ. ಮಾರನೇ ವರ್ಷ "ಮೇಸ್ತ್ರಿ ಕೆಲಸ ಸರಿ ಇಲ್ಲ" ಅನ್ನಬೇಡಿ.